ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಹಳೆಯ ಡೀಸೆಲ್ ಟ್ರ್ಯಾಕ್ಟರಿನ ಚಳಿಗಾಲದ ಚಾಲನೆ: ಒಂದು ಚಾರಿತ್ರಿಕ ವಿವೇಚನೆ

ನಮ್ಮ ನಾಡಿನ ಬೇಸಾಯದಲ್ಲಿ ಯಂತ್ರಗಳು ಬಳಕೆಗೆ ಬಂದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಆಮದು, ಉತ್ಪಾದನೆ, ಮಾರಾಟ, ಸಾಲ ಇವುಗಳ ಲೆಕ್ಕವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಯಾವ ವರ್ಷದಲ್ಲಿ ಎಷ್ಟು ಟ್ರ್ಯಾಕ್ಟರುಗಳು ಬಂದವು, ಎಷ್ಟು ಎಕರೆ ನೆಲ ಯಂತ್ರದ ನೇಗಿಲಿಗೆ ಒಳಪಟ್ಟಿತು ಎಂಬುದು ಇಂಥ ಬರಹಗಳಿಂದ ತಿಳಿದುಬರುತ್ತದೆ. ಆದರೆ ಹೀಗೆ ಬಂದ ಯಂತ್ರವು ಇಪ್ಪತ್ತು ಮೂವತ್ತು ವರ್ಷಗಳ ತರುವಾಯವೂ ಪ್ರತಿದಿನ ಬೆಳಿಗ್ಗೆ ಹೇಗೆ ಚಾಲೂ ಆಗುತ್ತಿತ್ತು, ಅದನ್ನು ಚಾಲೂ ಮಾಡುವ ವಿದ್ಯೆ ಯಾರ ಕೈಯಲ್ಲಿತ್ತು, ಆ ವಿದ್ಯೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕನ್ನು ದೃಷ್ಟಿಯಲ್ಲಿಟ್ಟುಕೊಂಡು, ಹಳೆಯ ಡೀಸೆಲ್ ಟ್ರ್ಯಾಕ್ಟರನ್ನು ಚಳಿಯಲ್ಲಿ ಚಾಲೂ ಮಾಡುವ ಸಣ್ಣ ವಿಷಯವನ್ನು ಪರಿಶೀಲಿಸುತ್ತೇವೆ. ವಿಷಯ ಸಣ್ಣದಾದರೂ, ಹಳ್ಳಿಯು ಯಂತ್ರವನ್ನು ಹೇಗೆ ತನ್ನದಾಗಿ ಮಾಡಿಕೊಂಡಿತೆಂಬ ದೊಡ್ಡ ಪ್ರಶ್ನೆಗೆ ಅದು ನೇರವಾದ ಸಾಕ್ಷ್ಯವನ್ನು ಒದಗಿಸುತ್ತದೆಂದು ನಮ್ಮ ಅಭಿಪ್ರಾಯ.

1. ಸೀಮೆ ಮತ್ತು ಚಳಿ

ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅದರ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ದೂರದಲ್ಲಿ ಖಾನಾಪುರವಿದೆ. ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ಕಾಡು. ಅಲ್ಲಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಜಾಂಬೋಟಿ, ಕಣಕುಂಬಿಗಳ ಕಡೆಗೆ ಮಳೆ ವಿಪರೀತ, ಭತ್ತವೇ ಪ್ರಧಾನ ಬೆಳೆ. ಪೂರ್ವಕ್ಕೆ ಸರಿದಂತೆ ಮಳೆ ಕಡಮೆಯಾಗಿ ಬಯಲಿನ ಹೊಲಗಳೂ ಕಬ್ಬಿನ ಗದ್ದೆಗಳೂ ಕಾಣುತ್ತವೆ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವ ಇಲ್ಲಿಯ ಉಷ್ಣತೆ ಕೆಲವು ದಿನ 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಹಳ್ಳದ ದಂಡೆಯ ಗದ್ದೆಗಳಲ್ಲಿ ಮಂಜು ಸೇರಿಕೊಂಡರೆ ಲೋಹವೆಲ್ಲ ಒದ್ದೆಯಾಗಿ ಕೊರೆಯುತ್ತದೆ.

ಯುರೋಪು ಖಂಡದ ರೈತನಾಗಲಿ ನಮ್ಮದೇ ದೇಶದ ಲಡಾಖಿನ ನಿವಾಸಿಯಾಗಲಿ ಇದನ್ನು ಚಳಿಯೆಂದು ಕರೆಯಲಾರನು. ಲಡಾಖಿನಲ್ಲಿ ಚಳಿಗಾಲದ ಡೀಸೆಲ್ ಎಣ್ಣೆಯೇ ಮೇಣಗಟ್ಟಿ ನಳಿಗೆಯಲ್ಲಿ ಹರಿಯದಾಗುತ್ತಿದ್ದುದರಿಂದ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಅಲ್ಲಿಗೆ ಒದಗಿಸಬೇಕಾಯಿತು. ಖಾನಾಪುರದಲ್ಲಿ ಡೀಸೆಲ್ ಹೆಪ್ಪುಗಟ್ಟುವ ಮಾತೇ ಇಲ್ಲ. ಸುಸ್ಥಿತಿಯಲ್ಲಿರುವ ಹೊಸ ಎಂಜಿನು 10 ಡಿಗ್ರಿಯ ಚಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಿರುವಾಗ ಈ ಸೀಮೆಯ ಚಾಲಕರಿಗೆ ಚಳಿಗಾಲದ ಬೆಳಗು ಕಷ್ಟದ ಹೊತ್ತಾದುದೇಕೆ ಎಂಬುದೇ ನಮ್ಮ ಮೊದಲನೆಯ ಪ್ರಶ್ನೆ.

ಈ ಕಾಲವು ಬಿಡುವಿನ ಕಾಲವಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಭತ್ತದ ಒಕ್ಕಣೆ, ಹಿಂಗಾರಿಯ ಕೆಲಸ, ಕಬ್ಬಿನ ಸಾಗಾಟ ಇವೆಲ್ಲವೂ ಬಹುಮಟ್ಟಿಗೆ ನವೆಂಬರಿನಿಂದ ಫೆಬ್ರುವರಿಯ ಒಳಗೆ ಬರುತ್ತವೆ. ಕಬ್ಬು ಕಡಿಯುವ ಆಳುಗಳ ತಂಡ ನಸುಕಿನಲ್ಲಿಯೇ ಗದ್ದೆಗೆ ಇಳಿಯುತ್ತದೆ. ಆ ಹೊತ್ತಿಗೆ ಟ್ರ್ಯಾಕ್ಟರು ಚಾಲೂ ಆಗದಿದ್ದರೆ ತಂಡದ ಕೂಲಿ ನಿಲ್ಲುತ್ತದೆ, ಕಾರ್ಖಾನೆಯ ಅಂಗಳದಲ್ಲಿ ಸರತಿ ತಪ್ಪುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದುದರಿಂದ ಎಂಜಿನಿನ ಮೊದಲ ಸಿಡಿತವು ಒಂದು ಮನೆತನದ ಆ ದಿನದ ಗಳಿಕೆಯ ಪ್ರಶ್ನೆಯೂ ಆಗಿತ್ತು.

2. ಟ್ರ್ಯಾಕ್ಟರಿಗೆ ಮುಂಚಿನ ಶಿಕ್ಷಣ

ಬೆಳಗಾವಿ ಸೀಮೆಗೆ ಯಂತ್ರದ ಪರಿಚಯ ಟ್ರ್ಯಾಕ್ಟರಿನಿಂದ ಆದುದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ತಮ್ಮ ಸೋದರರೊಡನೆ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದುದೂ, ತರುವಾಯ ಮೇವು ಕತ್ತರಿಸುವ ಯಂತ್ರವನ್ನೂ 1903ರಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದುದೂ ಪ್ರಸಿದ್ಧವಾಗಿವೆ. ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆಂಬ ಶಂಕೆಯಿಂದ ರೈತರು ಮೊದಲು ಆ ನೇಗಿಲನ್ನು ಕೊಳ್ಳಲು ಹಿಂಜರಿದರು. 1910ರಲ್ಲಿ ಕಾರ್ಖಾನೆಯು ಔಂಧ ಸಂಸ್ಥಾನದ ಕುಂಡಲ್ ರೋಡ್ ನಿಲ್ದಾಣದ ಹತ್ತಿರ, ಮುಂದೆ ಕಿರ್ಲೋಸ್ಕರವಾಡಿ ಎನಿಸಿದ ಸ್ಥಳಕ್ಕೆ ಹೋಯಿತು. ಕಾರ್ಖಾನೆ ಹೋದರೂ ಎರಕ ಹೊಯ್ಯುವ, ಲೇತಿನಲ್ಲಿ ಕಡೆಯುವ ಕಸಬು ಊರನ್ನು ಬಿಟ್ಟು ಹೋಗಲಿಲ್ಲ. ಇಂದು ಉದ್ಯಮಬಾಗದಲ್ಲಿ ಸಾಲಾಗಿ ನಿಂತಿರುವ ಎರಕದ ಮನೆಗಳೂ ಯಂತ್ರಶಾಲೆಗಳೂ ಅದೇ ಕಸಬಿನವು.

1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1929ರಲ್ಲಿ ಹೊರತಂದ ನಿಧಾನಗತಿಯ ಎಂಜಿನಿನ ಮಾದರಿಯನ್ನು ಅನುಸರಿಸಿದ ಎಂಜಿನುಗಳೂ ನಮ್ಮ ದೇಶದಲ್ಲಿಯೇ ತಯಾರಾಗತೊಡಗಿದವು. ಬಾವಿಯ ದಂಡೆಯಲ್ಲಿ ನೀರೆತ್ತಲು, ಗಿರಣಿಯಲ್ಲಿ ಹಿಟ್ಟು ಬೀಸಲು ಇಂಥ ಎಂಜಿನುಗಳು ಬಳಕೆಗೆ ಬಂದವು. ಇವುಗಳನ್ನು ಚಾಲೂ ಮಾಡುವ ಕ್ರಮ ಗಮನಾರ್ಹವಾದುದು. ಮೊದಲು ಡಿಕಂಪ್ರೆಶನ್ ಲಿವರನ್ನು ಎತ್ತಿ ಸಿಲಿಂಡರಿನ ಗಾಳಿ ಹೊರಗೆ ಹೋಗುವಂತೆ ಮಾಡಬೇಕು. ಆಗ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಭಾರವಾದ ಗಾಲಿ ಸಾಕಷ್ಟು ವೇಗ ಪಡೆದ ಕ್ಷಣಕ್ಕೆ ಲಿವರನ್ನು ಕೆಳಗಿಳಿಸಿದರೆ ಗಾಲಿಯಲ್ಲಿ ಕೂಡಿಬಂದ ವೇಗವೇ ಗಾಳಿಯನ್ನು ಒತ್ತಿ ಎಂಜಿನನ್ನು ಸಿಡಿಸುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಪಕ್ಕಕ್ಕೆ ಇಟ್ಟು ಹಿಡಿಯಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಎಂಜಿನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯವಿದ್ದುದೇ ಅದಕ್ಕೆ ಕಾರಣ. ವೇಗ ಮೊದಲು, ಒತ್ತಡ ಆಮೇಲೆ ಎಂಬ ಈ ತಿಳಿವಳಿಕೆಯನ್ನು ಹಳ್ಳಿಯವರು ಪಡೆದುದು ಬಾವಿಯ ದಂಡೆಯಲ್ಲಿ.

3. ಒಂದು ಪ್ರಶ್ನೆಗೆ ಎರಡು ಉತ್ತರಗಳು

ಮುಂದಿನ ವಿವೇಚನೆಗೆ ಎಂಜಿನಿನ ತತ್ತ್ವವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಪೆಟ್ರೋಲ್ ಎಂಜಿನಿನಲ್ಲಿ ವಿದ್ಯುತ್ತಿನ ಕಿಡಿ ಉರಿಯನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ರೀತಿ ಸಿಲಿಂಡರಿನಲ್ಲಿ ಗಾಳಿಯನ್ನು ಅದರ ಹದಿನಾರನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದರೆ ಅದು ಎಣ್ಣೆಯನ್ನು ಹೊತ್ತಿಸುವಷ್ಟು ಕಾಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1892ರಲ್ಲಿ ಪೇಟೆಂಟ್ ಕೋರಿ, 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಪರೀಕ್ಷಿಸಿ ತೋರಿಸಿದ ಎಂಜಿನು ಇದು. ಬೇಕಾದ ಕಾವನ್ನು ಒಳಗಿನ ಒತ್ತಡದಿಂದಲೇ ಹುಟ್ಟಿಸುವುದು ಅವನ ಉತ್ತರ.

ಅದಕ್ಕೆ ಮುಂಚೆಯೇ ಇನ್ನೊಂದು ಉತ್ತರವೂ ಇದ್ದಿತು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪೇಟೆಂಟ್ ಪಡೆದ ಎಂಜಿನಿನಲ್ಲಿ ಒತ್ತಡ ಕಡಮೆ. ಬದಲಿಗೆ ಸಿಲಿಂಡರಿನ ತಲೆಯಲ್ಲಿದ್ದ ಕಬ್ಬಿಣದ ಬುರುಡೆಯನ್ನು ಹೊರಗಿನಿಂದ ಉರಿ ಹಚ್ಚಿ ಕಾಯಿಸುತ್ತಿದ್ದರು. ಜರ್ಮನಿಯ ಮಾನ್‌ಹೈಮಿನ ಲಾಂಝ್ ಕಂಪನಿ 1921ರಲ್ಲಿ ತಂದ ‘ಬುಲ್‌ಡಾಗ್’ ಟ್ರ್ಯಾಕ್ಟರು ಇದೇ ಜಾತಿಯದು. ಅದರ ಬುರುಡೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ, ಸ್ಟಿಯರಿಂಗಿನ ಚಕ್ರವನ್ನೇ ಕಿತ್ತು ಪಕ್ಕದ ಗಾಲಿಗೆ ಸಿಕ್ಕಿಸಿ ತೂಗಿ ತಿರುಗಿಸುತ್ತಿದ್ದರು. ಇಂಗ್ಲೆಂಡಿನ ‘ಫೀಲ್ಡ್ ಮಾರ್ಷಲ್’ ಟ್ರ್ಯಾಕ್ಟರು ಡೀಸೆಲ್ ಜಾತಿಯದಾದರೂ, ಪೆಟ್ಲುಪ್ಪು ಹತ್ತಿಸಿದ ಕಾಗದದ ಸುರುಳಿಯನ್ನು ಹೊಗೆಯಾಡುವಂತೆ ಮಾಡಿ ಸಿಲಿಂಡರಿನೊಳಗೆ ಇಡುವ ಏರ್ಪಾಡು ಅದರಲ್ಲಿಯೂ ಇದ್ದಿತು. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಿಂದ ತನ್ನ ದೊಡ್ಡ ಡೀಸೆಲ್ ಎಂಜಿನನ್ನು ತಿರುಗಿಸಲು ಸಣ್ಣದೊಂದು ಪೆಟ್ರೋಲ್ ಎಂಜಿನನ್ನೇ ಜೋಡಿಸಿತು. ಹೀಗೆ ಡೀಸೆಲನ ಉತ್ತರ ಗೆದ್ದಿತೆನಿಸಿದರೂ, ಚಳಿಯ ಬೆಳಗಿನಲ್ಲಿ ಹಳೆಯ ಉತ್ತರವು ಮತ್ತೆ ಮತ್ತೆ ಕರೆಸಿಕೊಳ್ಳುತ್ತಲೇ ಇದ್ದಿತು. ಎಂಜಿನಿನ ಒಳಗೆ ಕೆಂಪಗೆ ಕಾಯುವ ಹೀಟರ್ ಪ್ಲಗ್ಗಾಗಲಿ, ಒಳಬರುವ ಗಾಳಿಯ ದಾರಿಯಲ್ಲಿ ಎಣ್ಣೆಯ ಹನಿಯನ್ನು ಉರಿಸುವ ಸಾಧನವಾಗಲಿ ತತ್ತ್ವದಲ್ಲಿ ಆ ಬ್ಲೋಲ್ಯಾಂಪಿನ ಸಂತತಿಯೇ.

4. ಟ್ರ್ಯಾಕ್ಟರುಗಳು ಬಂದ ಬಗೆ

ಸ್ವಾತಂತ್ರ್ಯದ ಹೊತ್ತಿಗೆ, 1947ರಲ್ಲಿ, ಭಾರತ ಸರಕಾರವು ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಜೇಶನ್ ಸ್ಥಾಪಿಸಿ, ಯುದ್ಧಾನಂತರ ಉಳಿದ ಯಂತ್ರಗಳಿಂದ ಮಧ್ಯಭಾರತದ ಕಳೆಬಿದ್ದ ನೆಲವನ್ನು ಉಳಿಸುವ ಕೆಲಸ ಕೈಕೊಂಡಿತು. ಮುಂದೆ ಟ್ರ್ಯಾಕ್ಟರುಗಳು ಇಲ್ಲಿಯೇ ತಯಾರಾಗತೊಡಗಿದವು. 1959ರಲ್ಲಿ ಫರೀದಾಬಾದಿನಿಂದ ಐಷರ್, 1960ರ ದಶಕದಲ್ಲಿ ಮದರಾಸಿನ ಟಾಫೆಯ ಮ್ಯಾಸಿ ಫರ್ಗ್ಯುಸನ್, ಮುಂಬಯಿಯ ಮಹೀಂದ್ರರ ಇಂಟರ್‌ನ್ಯಾಶನಲ್ ಬಿ-275, 1971ರಿಂದ ಝೆಕೊಸ್ಲೊವಾಕಿಯದ ಝೆಟರ್ ಮಾದರಿಯ ಎಚ್.ಎಂ.ಟಿ. ಹೊರಬಂದವು. 1969ರ ಬ್ಯಾಂಕುಗಳ ರಾಷ್ಟ್ರೀಕರಣದ ಅನಂತರ ಇವನ್ನು ಸಾಲದ ಮೇಲೆ ಕೊಳ್ಳುವುದು ಸುಲಭವಾಯಿತು.

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ 1948ರ ಗೇಣಿ ಕಾನೂನು, ತರುವಾಯ ಕರ್ನಾಟಕದ 1974ರ ಭೂಸುಧಾರಣೆ ಇವುಗಳಿಂದ ಗೇಣಿದಾರರು ಒಡೆಯರಾದರು. ಹಿಡುವಳಿಗಳೋ ಸಣ್ಣವಾಗಿದ್ದವು, ಮನೆತನ ಪಾಲಾದಂತೆ ಇನ್ನೂ ಸಣ್ಣವಾದವು. ಹತ್ತು ಎಕರೆಯ ಒಡೆಯನಿಗೆ ಹೊಸ ಟ್ರ್ಯಾಕ್ಟರು ಹೊರೆಯಾಗುತ್ತದೆ. ಎರಡನೆಯ ಅಥವಾ ಮೂರನೆಯ ಕೈಯಿಂದ ಬಂದ ಹಳೆಯದನ್ನು ಕೊಂಡು ತನ್ನ ಹೊಲವನ್ನೂ ಉತ್ತು ಪರರ ಹೊಲಕ್ಕೆ ಬಾಡಿಗೆಗೂ ಕಳುಹಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಹೀಗಾಗಿ ತಯಾರಕರು ಎಣಿಸಿದ ಆಯುಷ್ಯವನ್ನು ಮೀರಿ ಯಂತ್ರಗಳು ದುಡಿದವು. ಬೆಳಗಾವಿಯಲ್ಲಿ ಬೋರ್ ಮಾಡಿಸಿ, ಪಿಸ್ಟನ್ ರಿಂಗು ಬದಲಿಸಿ, ನಾಝಲ್ ಮತ್ತು ಪಂಪು ತೋರಿಸಿಕೊಂಡು ಮರಳುತ್ತಿದ್ದ ಟ್ರ್ಯಾಕ್ಟರುಗಳು ಈ ವ್ಯವಸ್ಥೆಯ ಆಧಾರಸ್ತಂಭಗಳಾಗಿದ್ದವು.

5. ಚಳಿಯು ಬಯಲು ಮಾಡುವ ವಯಸ್ಸು

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಾಧ್ಯವಾಗುತ್ತದೆ. ಒತ್ತಿದ ಗಾಳಿಯ ಕೊನೆಯ ಕಾವು ಅದರ ಮೊದಲಿನ ಕಾವನ್ನು ಅವಲಂಬಿಸಿದೆ; ಮೊದಲಿನಲ್ಲಿ 20 ಡಿಗ್ರಿ ಕಡಮೆಯಾದರೆ ಕೊನೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಡಮೆಯಾಗುತ್ತದೆ. ಹೊಸ ಎಂಜಿನಿಗೆ ಈ ನಷ್ಟ ಬಾಧಕವಲ್ಲ, ಏಕೆಂದರೆ ಅದರಲ್ಲಿ ಕಾವು ಬೇಕಾದುದಕ್ಕಿಂತ ಹೆಚ್ಚೇ ಹುಟ್ಟುತ್ತದೆ. ಸವೆದ ಎಂಜಿನಿನಲ್ಲಿ ರಿಂಗುಗಳ ಸಂದಿನಿಂದ ಗಾಳಿ ಸೋರುತ್ತದೆ, ವಾಲ್ವುಗಳು ಬಿಗಿಯಾಗಿ ಕೂಡುವುದಿಲ್ಲ. ಬೇಸಗೆಯಲ್ಲಿ ಹೇಗೋ ಸಾಕಾಗುತ್ತಿದ್ದ ಕಾವು ಚಳಿಯಲ್ಲಿ ಸಾಲದೆ ಹೋಗುತ್ತದೆ. ಇದರ ಮೇಲೆ, 40ನೆಯ ನಂಬರಿನ ಎಂಜಿನ್ ಎಣ್ಣೆ ಚಳಿಗೆ ಮಂದವಾಗಿ ತಿರುಗುವಿಕೆಯನ್ನು ತಡೆಯುತ್ತದೆ, ಹಳೆಯ ಬ್ಯಾಟರಿಯ ಬಲ ಕುಗ್ಗುತ್ತದೆ. ಎಂಜಿನು ನಿಧಾನವಾಗಿ ತಿರುಗಿದಷ್ಟೂ ಗಾಳಿ ಸೋರಲು ಹೆಚ್ಚು ಹೊತ್ತು ಸಿಗುತ್ತದೆ, ಕಾವು ತಣ್ಣನೆಯ ಗೋಡೆಗೆ ಇಳಿದುಹೋಗುತ್ತದೆ. ಒಂದೊಂದೂ ಅಲ್ಪವಾದ ಈ ನಾಲ್ಕು ಕಾರಣಗಳು ಒಟ್ಟುಗೂಡಿದಾಗ ಎಂಜಿನು ಸಿಡಿಯುವುದಿಲ್ಲ. ಆದುದರಿಂದ ಖಾನಾಪುರದ ಚಳಿಯು ಎಂಜಿನನ್ನು ಕೆಡಿಸುತ್ತಿರಲಿಲ್ಲ. ಅದರ ವಯಸ್ಸನ್ನು ಬಯಲಿಗೆ ತರುತ್ತಿತ್ತು. ಬೆಳಗಿನ ಕಷ್ಟವು ಹವಾಮಾನಕ್ಕಿಂತ ಹೆಚ್ಚಾಗಿ ಹಿಡುವಳಿಯ ಗಾತ್ರದ ಪರಿಣಾಮವೆಂದು ಹೇಳಬಹುದು.

ಕೇವಲ ಬಡತನವೇ ಇದರ ಕಾರಣವೆಂದು ಯಾರಾದರೂ ಹೇಳಿದರೆ ಅದನ್ನು ಪೂರ್ಣವಾಗಿ ಒಪ್ಪಲಾಗದು. ಇಂಗ್ಲೆಂಡಿನಲ್ಲಿಯೇ ತಯಾರಾದ ಮ್ಯಾಸಿ ಫರ್ಗ್ಯುಸನ್ 35 ಮಾದರಿಯ ಮೊದಲಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನು ಚಳಿಯಲ್ಲಿ ಚಾಲೂ ಆಗದ ಅಪಖ್ಯಾತಿಗೆ ಗುರಿಯಾಗಿದ್ದಿತು. 1959ರಲ್ಲಿ ಅದರ ಸ್ಥಾನಕ್ಕೆ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎಂಜಿನು ಬಂದಿತು. ತಯಾರಕನ ಕೊರತೆಯನ್ನು ರೈತನ ಅಜ್ಞಾನವೆಂದು ಎಣಿಸುವ ತಪ್ಪನ್ನು ಚರಿತ್ರಕಾರನು ಮಾಡಬಾರದು.

6. ಚಾಲಕರ ಕ್ರಮಗಳು

ಈ ಸೀಮೆಯಲ್ಲಿ ರೂಢಿಯಲ್ಲಿದ್ದ ಕ್ರಮಗಳನ್ನು ನಾವು ಮೂರು ವರ್ಗವಾಗಿ ವಿಂಗಡಿಸುತ್ತೇವೆ. ಮೊದಲನೆಯದು ಹೊರಗಿನ ಕಾವು. ಹಂಡೆಯಲ್ಲಿ ಕಾಯಿಸಿದ ನೀರನ್ನು ರೇಡಿಯೇಟರಿಗೆ ಸುರಿಯುವುದು ಇದರಲ್ಲಿ ಅತ್ಯಂತ ಸಾಧುವಾದುದು. ಸಿಲಿಂಡರಿನ ಗೋಡೆಯೇ ಬೆಚ್ಚಗಾಗುತ್ತದೆ. ಕುದಿಯುವ ನೀರನ್ನು ಒಮ್ಮೆಲೇ ಸುರಿದರೆ ಎರಕದ ಕಬ್ಬಿಣ ಬಿರಿಯುವ ಸಂಭವ ಇರುವುದರಿಂದ, ಉಗುರುಬೆಚ್ಚಗಿನಿಂದ ಆರಂಭಿಸಬೇಕೆಂಬುದು ಇದರ ನಿಯಮ. ಐಷರ್ ಟ್ರ್ಯಾಕ್ಟರಿನದು ಗಾಳಿಯಿಂದ ತಣಿಯುವ ಎಂಜಿನಾದುದರಿಂದ ಅದಕ್ಕೆ ಈ ಉಪಾಯ ಸಲ್ಲದು. ಎಣ್ಣೆಯಲ್ಲಿ ತೋಯಿಸಿದ ಅರಿವೆಗೆ ಉರಿ ಹಚ್ಚಿ ಗಾಳಿ ಒಳಹೋಗುವ ಬಾಯಿಗೆ ಹಿಡಿಯುವುದು, ಎಣ್ಣೆಯ ತೊಟ್ಟಿಯ ಕೆಳಗೆ ಕೆಂಡ ಇಡುವುದು ಇವೂ ಇದೇ ವರ್ಗದವು.

ಎರಡನೆಯದು ಒತ್ತಡವನ್ನು ಕೂಡಿಸುವ ಕ್ರಮ. ಗಾಳಿಯ ದಾರಿಯಲ್ಲಿ ಒಂದು ಚಮಚ ಎಂಜಿನ್ ಎಣ್ಣೆ ಹಾಕಿದರೆ ಅದು ರಿಂಗುಗಳ ಸಂದನ್ನು ಕ್ಷಣಕಾಲ ಮುಚ್ಚುತ್ತದೆ. ಮೂರನೆಯದು ವೇಗ. ರಾತ್ರಿ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿಯೇ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬೆಳಿಗ್ಗೆ ಕಲ್ಲು ತೆಗೆದು ಇಳಿಸಿ ಕ್ಲಚ್ ಬಿಡುವುದು. ಇಳಿಜಾರು ಇಲ್ಲದ ಕಡೆ ನಾಲ್ಕು ಜನ ಧಕ್ಕಾ ಕೊಡುವುದು. ಹೊಲದ ಮನೆಯ ಅಂಗಳವನ್ನು ಆರಿಸುವಾಗಲೇ ಇಳಿಜಾರನ್ನು ನೋಡಿಕೊಳ್ಳುತ್ತಿದ್ದವರುಂಟು.

ಇವುಗಳ ಜೊತೆಗೆ ರೋಗನಿದಾನದ ಒಂದು ವಿದ್ಯೆಯೂ ಬೆಳೆಯಿತು. ಎಂಜಿನು ತಿರುಗುವಾಗ ಬಿಳಿಯ ಹೊಗೆ ಬಂದರೆ ಎಣ್ಣೆ ತಲಪುತ್ತಿದೆ, ಕಾವು ಸಾಲದು. ಹೊಗೆಯೇ ಬಾರದಿದ್ದರೆ ಎಣ್ಣೆಯೇ ತಲಪುತ್ತಿಲ್ಲ, ನಳಿಗೆಯಲ್ಲಿ ‘ಏರ್ ಹಿಡಿದಿದೆ’ ಎಂದು ಮಿಸ್ತ್ರಿಗಳು ನಿರ್ಣಯಿಸುತ್ತಾರೆ. ಹೀಟರ್ ಪ್ಲಗ್ಗುಗಳನ್ನು ಒಂದರ ಹಿಂದೊಂದಾಗಿ ಜೋಡಿಸಿದ ಹಳೆಯ ಎಂಜಿನುಗಳಲ್ಲಿ ಒಂದು ಸುಟ್ಟರೆ ಉಳಿದವೂ ಕಾಯುವುದಿಲ್ಲವೆಂಬುದು ಅವರಿಗೆ ಕೈಪಿಡಿ ಓದದೆಯೂ ತಿಳಿದಿದ್ದಿತು. ಹೀಟರ್, ಸೆಲ್ಫ್, ನಾಝಲ್, ಬೋರ್, ಧಕ್ಕಾ ಮುಂತಾದ ಪದಗಳು ಕನ್ನಡ ಮರಾಠಿ ಎರಡನ್ನೂ ಆಡುವ ಈ ತಾಲ್ಲೂಕಿನಲ್ಲಿ ಎರಡು ಭಾಷೆಗಳಿಗೂ ಸಾಮಾನ್ಯವಾದವು.

ಮೇಲಿನ ವರ್ಗೀಕರಣವನ್ನು ಹಿಂದಿನ ಚರಿತ್ರೆಯೊಡನೆ ಹೋಲಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಉರಿಯುವ ಅರಿವೆಯಲ್ಲಿ ಅಕ್ರಾಯ್ಡ್ ಸ್ಟುವರ್ಟನ ಉತ್ತರವಿದೆ; ಎಣ್ಣೆಯ ಚಮಚದಲ್ಲಿ ಡೀಸೆಲನ ಉತ್ತರವಿದೆ; ಇಳಿಜಾರಿನಲ್ಲಿ ಬಾವಿಯ ದಂಡೆಯ ಎಂಜಿನಿನ ಪಾಠವಿದೆ. ಖಾನಾಪುರದ ಚಾಲಕರು ಈ ಹೆಸರುಗಳನ್ನು ಕೇಳಿರಲಿಲ್ಲವೆಂದು ಊಹಿಸಬಹುದು. ಆದರೂ ಯಂತ್ರವು ಕ್ಷೀಣಿಸಿ ತನ್ನ ಪೂರ್ವಸ್ಥಿತಿಗೆ ಇಳಿದಂತೆ, ಪೂರ್ವದ ಎಂಜಿನಿಯರರು ಎದುರಿಸಿದ ಸಮಸ್ಯೆಯನ್ನೇ ಅವರೂ ಎದುರಿಸಿ ಅದೇ ಪರಿಹಾರಗಳನ್ನು ಸ್ವತಂತ್ರವಾಗಿ ಕಂಡುಕೊಂಡರು. ಇದನ್ನು ಅನುಕರಣೆಯೆನ್ನಲಾಗದು, ಇದು ತಿಳಿವಳಿಕೆ.

7. ತೆತ್ತ ಬೆಲೆ

ಈ ವಿದ್ಯೆಯನ್ನು ಹೊಗಳುವ ಭರದಲ್ಲಿ ಅದರ ಅಪಾಯವನ್ನು ಮರೆಯಬಾರದು. ಸೋರುವ ಎಣ್ಣೆಯ ನಳಿಗೆಯ ಪಕ್ಕದಲ್ಲಿ ಹಿಡಿದ ಉರಿ ಟ್ರ್ಯಾಕ್ಟರನ್ನೂ ಹುಲ್ಲಿನ ಬಣವೆಯನ್ನೂ ಸುಡಬಲ್ಲದು. ಇದಕ್ಕಿಂತ ಘೋರವಾದುದು ಸ್ವಿಚ್ಚು ಕೆಟ್ಟಾಗ ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವ ರೂಢಿ. ಗೇರಿನಲ್ಲಿ ಉಳಿದ ಟ್ರ್ಯಾಕ್ಟರು ಒಮ್ಮೆಲೇ ಮುಂದಕ್ಕೆ ಬಂದು, ಹಿಂಗಾಲಿಯ ಮುಂದೆ ನಿಂತವನ ಮೇಲೆಯೇ ಹರಿಯುತ್ತದೆ. ಲೋಕದಾದ್ಯಂತ ಟ್ರ್ಯಾಕ್ಟರಿನ ಮರಣಗಳಲ್ಲಿ ಇದು ಬಹಳ ಪರಿಚಿತವಾದ ಬಗೆ. ಇಂಥ ಬೆಳಗುಗಳಲ್ಲಿ ಎಂಜಿನಿನ ಹತ್ತಿರ ನಿಂತಿರುವವನು ಹಲವು ವೇಳೆ ಒಡೆಯನಲ್ಲ, ಸಂಬಳದ ಚಾಲಕ. ಹಳೆಯ ಯಂತ್ರದಿಂದ ಉಳಿದ ಹಣ ಒಬ್ಬನದು, ಅದರ ಅಪಾಯ ಇನ್ನೊಬ್ಬನದು ಎಂಬ ಅಂಶವನ್ನು ಬೇಸಾಯದ ಯಂತ್ರಗಳ ಚರಿತ್ರೆಯಲ್ಲಿ ದಾಖಲಿಸುವುದು ಅವಶ್ಯ.

ಉಪಸಂಹಾರ

ಕಬ್ಬಿಣದ ನೇಗಿಲಿಗೆ ಹಿಂಜರಿದ ಸೀಮೆಯೇ ಮೂರು ತಲೆಮಾರಿನೊಳಗೆ ಸವೆದ ಡೀಸೆಲ್ ಎಂಜಿನಿನ ಹೊಗೆಯ ಬಣ್ಣ ನೋಡಿ ಅದರ ರೋಗ ಹೇಳಬಲ್ಲದಾಯಿತು. ಈ ಬದಲಾವಣೆ ಮಾರಾಟದ ಅಂಕಿಗಳಲ್ಲಿ ಸಿಗುವುದಿಲ್ಲ. ಅದು ಉದ್ಯಮಬಾಗದ ಯಂತ್ರಶಾಲೆಗಳ ಕೆಲಸದ ವಹಿಗಳಲ್ಲಿ, ಬಿಡಿಭಾಗದ ಅಂಗಡಿಗಳ ಉದ್ರಿ ಪುಸ್ತಕಗಳಲ್ಲಿ, ನಂದಗಡ, ಬೀಡಿ, ಇಟಗಿಗಳಂಥ ಊರುಗಳ ವಯಸ್ಸಾದ ಚಾಲಕರ ಮತ್ತು ಮಿಸ್ತ್ರಿಗಳ ನೆನಪಿನಲ್ಲಿದೆ. ಹೊಸ ಟ್ರ್ಯಾಕ್ಟರುಗಳು ಬೀಗದಕೈ ತಿರುಗಿಸಿದೊಡನೆ ಚಾಲೂ ಆಗುತ್ತವೆ. ಹಳೆಯವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ವಹಿಗಳು ರದ್ದಿಗೆ ಬೀಳುತ್ತಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಟ್ರ್ಯಾಕ್ಟರು ದುಡಿದ ಮನೆಗಳಿಂದಲೇ ಬಂದವರು. ತಮ್ಮ ಊರಿನ ಒಂದು ಯಂತ್ರದ ಚರಿತ್ರೆಯನ್ನು, ಅದು ಯಾವ ವರ್ಷ ಯಾರಿಂದ ಬಂದಿತು, ಎಷ್ಟು ಸಲ ಬೋರ್ ಆಯಿತು, ಚಳಿಯಲ್ಲಿ ಅದನ್ನು ಯಾರು ಯಾವ ಕ್ರಮದಿಂದ ಚಾಲೂ ಮಾಡುತ್ತಿದ್ದರು ಎಂಬಷ್ಟನ್ನಾದರೂ, ಅವರು ಬರೆದಿಟ್ಟರೆ ಮುಂದಿನ ಸಂಶೋಧಕರಿಗೆ ಮಹದುಪಕಾರವಾದೀತು. ಅಧ್ಯಾಪಕರು ಈ ಕಾರ್ಯವನ್ನು ಈ ಚಳಿಗಾಲದಲ್ಲಿಯೇ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.